ಒಂದು ಮನೆಗೆ ಒಂದು ಪುಟ: ಪಂಚಾಯಿತಿಯಲ್ಲಿ ಇಲಾಖೆಗಳನ್ನು ಹೊಂದಿಸಿದ ಅನುಭವ

ವಿಧವಾ ವೇತನ ಕಂದಾಯ ಇಲಾಖೆಯದು, ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಪಡಿತರ ಚೀಟಿ ಆಹಾರ ಇಲಾಖೆಯದು, ದುಡ್ಡು ಬೀಳುವುದು ಬ್ಯಾಂಕಿನಲ್ಲಿ. ಒಬ್ಬರು ಕೊಟ್ಟ ಹಿಂಬರಹ ಹಿಡಿದು ಇನ್ನೊಬ್ಬರ ಬಳಿ ಅಲೆಯುವುದರಲ್ಲೇ ಕಡುಬಡವರ ಕೂಲಿ ದಿನಗಳು ಹಾಳಾಗುತ್ತವೆ. ಹಾಗಾಗಿ ಯೋಜನಾವಾರು ಪಟ್ಟಿ ಬದಿಗಿಟ್ಟು, ಒಂದು ಮನೆಗೆ ಒಂದು ಪುಟದಂತೆ ವಹಿ ತೆರೆದೆವು.

ಪುಟ ತುಂಬಿದವರು ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು. "ಯಾವ ಯೋಜನೆ ಬೇಕು?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. "ಹೋದ ತಿಂಗಳು ಖಾತೆಗೆ ಏನು ಬಂತು?" ಎಂದು ಕೇಳಿ, ಪಾಸ್‌ಬುಕ್ ನೋಡಿ ಬರೆಯಬೇಕು. ಬಾಕಿ ಏನು, ಯಾರ ಮೇಜಿನ ಮೇಲಿದೆ, ನಾಡಕಚೇರಿಯ ಆರ್‌ಡಿ ನಂಬರ್ (ಅಲ್ಲಿನ ಅರ್ಜಿ, ಪ್ರಮಾಣಪತ್ರದ ಗುರುತಿನ ಸಂಖ್ಯೆ), ಮುಂದಿನ ದಿನಾಂಕ: ಇಷ್ಟಿದ್ದರೆ ಸಾಕು.

ಕೆಲಸದ ಸರದಿ ತಪ್ಪಿದರೆ ಎಲ್ಲವೂ ಕೆಡುತ್ತದೆ. ಗಂಡ ತೀರಿಕೊಂಡ ಮನೆಯಲ್ಲಿ ಮೊದಲು ಮರಣ ಪ್ರಮಾಣಪತ್ರ. 21 ದಿನದೊಳಗೆ ತಿಳಿಸಿದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆಮೇಲೆ ಆಧಾರ್ ತಿದ್ದುಪಡಿ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ. ಕೊನೆಗೆ ವೇತನದ ಅರ್ಜಿ. ಮರಣ ಪತ್ರದಲ್ಲಿ ರಾಮಣ್ಣ, ಹೆಂಡತಿಯ ಕಾಗದದಲ್ಲಿ "ಲಕ್ಷ್ಮಮ್ಮ ಕೋಂ ರಾಮಯ್ಯ" ಎಂದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆದ್ದರಿಂದ ಎಲ್ಲ ಕಾಗದಗಳನ್ನೂ ಪಕ್ಕಪಕ್ಕ ಹರಡಿ, ಯಾವುದನ್ನು ಯಾವುದಕ್ಕೆ ಹೊಂದಿಸುವುದೆಂದು ನಿರ್ಧರಿಸಿಯೇ ಕೈಹಾಕಬೇಕು. ಪಡಿತರ ಚೀಟಿ ತಿದ್ದುಪಡಿಯ ತಂತ್ರಾಂಶ ಯಾವಾಗಲೂ ತೆರೆದಿರುವುದಿಲ್ಲ. ಆಹಾರ ನಿರೀಕ್ಷಕರಿಂದ ದಿನ ತಿಳಿದುಕೊಂಡೇ ಎಲ್ಲ ಇಲಾಖೆಗಳು ಒಟ್ಟಿಗೆ ಕೂರುವ ಶಿಬಿರ ಇಡಬೇಕು.

ಶಿಬಿರದಲ್ಲಿ ಮೇಜುಗಳೂ ಇದೇ ಸರದಿಯಲ್ಲಿ: ಕಾಗದ ಪರಿಶೀಲನೆ, ಆಧಾರ್ ಕಿಟ್, ಆಹಾರ ಇಲಾಖೆ, ನಾಡಕಚೇರಿ ಆಪರೇಟರ್ ಮತ್ತು ಗ್ರಾಮ ಆಡಳಿತಾಧಿಕಾರಿ, ಕೊನೆಗೆ ಬ್ಯಾಂಕ್. ಗಾರೆ ಕೆಲಸದವರ, ವಯಸ್ಸಾದವರ ಬೆರಳಚ್ಚು ಸವೆದಿರುತ್ತದೆ. ಕಣ್ಣಿನ ಸ್ಕ್ಯಾನರ್ ಇಲ್ಲದ ಶಿಬಿರ ಅವರ ಪಾಲಿಗೆ ವ್ಯರ್ಥ.

ಹೆಚ್ಚು ಎಡವಟ್ಟಾಗುವುದು ಬ್ಯಾಂಕಿನ ಮೇಜಿನಲ್ಲಿ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂಬ ರಾಷ್ಟ್ರೀಯ ಪಾವತಿ ನಿಗಮದ ದಾಖಲೆ) ಆಗಿದೆ ಎಂದು ಅರ್ಥವಲ್ಲ. ಆಧಾರ್ ಆಧಾರಿತ ನೇರ ವರ್ಗಾವಣೆ ಕೊನೆಗೆ ಮ್ಯಾಪ್ ಆದ ಒಂದೇ ಬ್ಯಾಂಕಿಗೆ ಹೋಗುತ್ತದೆ. ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಮನೆ ಬಾಗಿಲಲ್ಲೇ ಖಾತೆ ತೆರೆಯಬಹುದು, ಅನುಕೂಲವೂ ಹೌದು. ಆದರೆ ಅದಕ್ಕೆ ಮ್ಯಾಪ್ ಮಾಡಿದೊಡನೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಲ್ಲಿಗೇ ತಿರುಗುತ್ತದೆ. ಹಳೆಯ ಪಾಸ್‌ಬುಕ್ ನೋಡಿದಾಕೆ "ದುಡ್ಡು ನಿಂತುಹೋಯ್ತು" ಎಂದು ಗಾಬರಿಯಾಗುತ್ತಾಳೆ. ಹಳೆಯ ಖಾತೆಯಿಂದ ಸಂಘದ ಸಾಲದ ಕಂತು ಕಡಿತವಾಗುತ್ತಿದ್ದರೆ ಸುಸ್ತಿ ಬೀಳುತ್ತದೆ. ಆಕೆಗೆ ವಿವರಿಸಿ, ಒಪ್ಪಿಗೆ ಪಡೆದೇ ಮಾಡಬೇಕು. ಇದರಲ್ಲಿ ಅವಸರ ಸಲ್ಲದು.

ಅಂಗವಿಕಲರಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಬೇಕು, ಅದಕ್ಕೆ ವೈದ್ಯಕೀಯ ತಪಾಸಣೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಪಾಸಣೆಯ ದಿನ ತಿಳಿದು ವಾಹನ ಹೊಂದಿಸಿದರೇನೇ ಜನ ತಲುಪುತ್ತಾರೆ.

ಪಂಚಾಯಿತಿಯ ಕೆಡಿಪಿ ಸಭೆಯಲ್ಲಿ (ಇಲಾಖೆಗಳ ಪ್ರಗತಿ ಪರಿಶೀಲಿಸುವ ಸಭೆ) ಶೇಕಡಾವಾರು ಪ್ರಗತಿ ಓದಿಸುವುದನ್ನು ಬಿಟ್ಟು, ಬಾಕಿ ಇರುವ ಪುಟಗಳನ್ನೇ ಓದಿಸಿದೆವು. ಶೇಕಡಾ 95 ಪ್ರಗತಿ ಎನ್ನುವಾಗ ಉಳಿದ ಐದರಲ್ಲೇ ಅತಿ ಬಡವರಿರುತ್ತಾರೆ. ಆಹಾರ ನಿರೀಕ್ಷಕರೂ ಗ್ರಾಮ ಆಡಳಿತಾಧಿಕಾರಿಯೂ ಎದುರುಬದುರು ಕೂತಾಗ "ಅದು ನಮ್ಮದಲ್ಲ" ಎನ್ನುವುದು ಕಷ್ಟ. ತೀರ್ಮಾನವನ್ನು ನಡಾವಳಿಯಲ್ಲಿ ಹೆಸರಿಲ್ಲದೆ, ಹುದ್ದೆ ಮತ್ತು ದಿನಾಂಕದೊಂದಿಗೆ ಬರೆಸಬೇಕು. ವರ್ಗಾವಣೆಯಾಗಿ ಬಂದವರೂ ಅದಕ್ಕೆ ಬದ್ಧರಾಗುತ್ತಾರೆ. ಮಂಜೂರಾತಿ ಆದೇಶ ಬಂತೆಂದು ಪುಟ ಮುಚ್ಚಕೂಡದು. ಎರಡು ತಿಂಗಳು ಸತತವಾಗಿ ಜಮಾ ಆದದ್ದನ್ನು ಪಾಸ್‌ಬುಕ್‌ನಲ್ಲಿ ನೋಡಿಯೇ ಮುಚ್ಚಬೇಕು.