ಕಾರವಾರ: ಒಂದು ದಿನ, ಬಾಡಿಗೆ ಕಾರು, ಒಂದು ದೋಣಿ

ಕೂರ್ಮಗಡ ದ್ವೀಪಕ್ಕೆ ಹೋಗುವ ದೋಣಿಯನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ, ಕಾರಿನ ಸುತ್ತಾಟ ಮಧ್ಯಾಹ್ನಕ್ಕಿರಲಿ. ಬಹಳ ಜನ ಇದನ್ನೇ ತಿರುಗುಮುರುಗು ಮಾಡಿ ದಿನ ಕೆಡಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಏಳುತ್ತದೆ. ಕಾಳಿ ನದಿಯ ಅಳಿವೆಯಲ್ಲಿ ಇಳಿತದ ನೀರು ಹೊರಗೆ ಹರಿಯುವಾಗ ಆ ಗಾಳಿ ಎದುರಾದರೆ ಅಲೆಗಳು ಗಿಡ್ಡಾಗಿ, ಕಡಿದಾಗಿ ಎದ್ದು ದೋಣಿಯ ಮೂತಿ ಎತ್ತಿ ಬಡಿಯುತ್ತವೆ. ವಾಂತಿಯಾಗುವವರು ಹಿಂಬದಿಯಲ್ಲಿ ಕೂರಲಿ, ಅಲ್ಲಿ ಕುಲುಕಾಟ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂರ್ಮಗಡದ ಆಸೆ ಬಿಡಿ.

ಹತ್ತುವ ಮೊದಲೇ ಮಾತಾಡಿ: ದರ ತಲೆಗೋ ಇಡೀ ದೋಣಿಗೋ, ದ್ವೀಪದಲ್ಲಿ ಎಷ್ಟು ಹೊತ್ತು ಕಾಯುತ್ತಾರೆ, ವಾಪಸ್ ಪ್ರಯಾಣ ಸೇರಿದೆಯೋ. ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿದು, ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಸಿ ನೋಡಿ. ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಬೇರೆಯದನ್ನು ಕೇಳಿ, ಸಂಕೋಚ ಬೇಡ. ಮಕ್ಕಳಿಗಂತೂ ಇದನ್ನು ತಪ್ಪಿಸಲೇಬೇಡಿ.

ಊಟವಾದ ಮೇಲೆ ಕಾರು. ಟ್ಯಾಗೋರ್ ಕಡಲತೀರದ ಚಾಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯಕ್ಕೆ ಒಂದು ತಾಸು ಕೊಡಿ; ಸೋಮವಾರ ಹೊರಟಿದ್ದರೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಅಲ್ಲಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಗುಡ್ಡ. ನದಿ ಕಡಲು ಸೇರುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲೇ ತಲುಪಿ. ಅರ್ಗಾ ಕಡೆ ಹೋದರೆ ನೌಕಾನೆಲೆಯತ್ತ ಕ್ಯಾಮೆರಾ ಎತ್ತಬೇಡಿ.