ಜಿಲ್ಲಾ ಪುಟಕ್ಕೆ ಸ್ಕೇಲು ಹಿಡಿದಾಗ: ಬಳ್ಳಾರಿಯಲ್ಲಿ ನಾವು ಪತ್ರಿಕೆ ಅಳೆಯುವ ಕ್ರಮ

"ಪೇಪರಿನವರೆಲ್ಲ ಕಂಪನಿಗಳ ಜೇಬಿನಲ್ಲಿದ್ದಾರೆ" ಎಂದರೆ ಸಂಪಾದಕರು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ, ತೋರಿಸಿ. ತೋರಿಸಲು ಬೇಕಾಗುವುದು ಒಂದು ಸ್ಟೀಲ್ ಸ್ಕೇಲು, ಎರಡು ಬಣ್ಣದ ಪೆನ್ನು, ಒಂದು ಎಕ್ಸೆಲ್ ಶೀಟು, ಒಂದಿಷ್ಟು ಆರ್‌ಟಿಐ ಅರ್ಜಿ.

ಮೊದಲು ಪೇಪರನ್ನೇ ತೂಗಿ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಸುದ್ದಿಕಾಗದ ಚದರ ಮೀಟರಿಗೆ ಸುಮಾರು 45 ಗ್ರಾಂ ಇರುತ್ತದೆ. 16 ಪುಟದ ದೊಡ್ಡ ಅಳತೆಯ ಪತ್ರಿಕೆ 70 ಗ್ರಾಂ ಆಸುಪಾಸು ತೂಗುತ್ತದೆ. ಲೆಕ್ಕಕ್ಕೆಂದು ಕಾಗದ ಕೆ.ಜಿ.ಗೆ 60 ರೂಪಾಯಿ, ಮುಖಬೆಲೆ 6 ರೂಪಾಯಿ, ಏಜೆಂಟರ ಕಮಿಷನ್ ಶೇ 30 ಎಂದು ಹಿಡಿಯೋಣ. ಕಾಗದದ ಖರ್ಚೇ 4 ರೂಪಾಯಿ 20 ಪೈಸೆ, ಕಮಿಷನ್ ಕಳೆದು ಸಂಸ್ಥೆಗೆ ಸೇರುವುದೂ ಅಷ್ಟೇ. ಮಸಿ, ಪ್ಲೇಟು, ವ್ಯಾನ್ ಬಾಡಿಗೆ, ಸಂಬಳ ಎಲ್ಲವೂ ಜಾಹೀರಾತಿನಿಂದ ಬರಬೇಕು. ಇವತ್ತಿನ ನಿಜವಾದ ದರ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಮುಕ್ತ ಮಾರುಕಟ್ಟೆಯನ್ನು ನಂಬುವವರ ವಾದ ಗೊತ್ತಿರುವುದೇ: ಕೆಟ್ಟ ಪತ್ರಿಕೆಯನ್ನು ಓದುಗ ಕೈಬಿಡುತ್ತಾನೆ, ಪೈಪೋಟಿಯೇ ಎಲ್ಲವನ್ನೂ ಸರಿ ಮಾಡುತ್ತದೆ. ಇಲ್ಲಿ ಹೆಚ್ಚು ದುಡ್ಡು ಕೊಡುವ ಗಿರಾಕಿ ಓದುಗನಲ್ಲ, ಜಾಹೀರಾತುದಾರ. ಟೊಮೆಟೊ ಕೊಳೆತಿದ್ದರೆ ಒತ್ತಿದ ಕೈಗೆ ಗೊತ್ತಾಗುತ್ತದೆ, ಅಚ್ಚಾಗದ ಸುದ್ದಿ ಯಾವ ಓದುಗನ ಕೈಗೂ ತಾಗುವುದಿಲ್ಲ. ಬಳ್ಳಾರಿಯಂಥ ಕಡೆ ದೊಡ್ಡ ಜಾಹೀರಾತು ಕೊಡುವವರೂ ಕೆಲವೇ ಮಂದಿ: ಉಕ್ಕು, ಗಣಿ, ಕಾಲೇಜು, ಆಸ್ಪತ್ರೆ, ಸರ್ಕಾರ. ಒಬ್ಬರು ಮುನಿಸಿಕೊಂಡರೂ ತಿಂಗಳ ಟಾರ್ಗೆಟ್ ತಪ್ಪುತ್ತದೆ. ಹಲವೆಡೆ ಸುದ್ದಿ ಬರೆಯುವ ಸ್ಟ್ರಿಂಗರೇ (ಅರೆಕಾಲಿಕ ವರದಿಗಾರರೇ) ಜಾಹೀರಾತನ್ನೂ ತರಬೇಕು.

ಸಂಚಿಕೆಗಳ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಒಂದು ತಿಂಗಳ ಪೇಪರನ್ನು ಸಾಲಾಗಿ ಅಳೆದರೆ, ನಡುವೆ ಒಂದು ಚುನಾವಣೆಯೋ ಹಬ್ಬವೋ ಬಂದು ಲೆಕ್ಕ ಓರೆಯಾಗುತ್ತದೆ. ಆರು ತಿಂಗಳ ಸೋಮವಾರಗಳಲ್ಲಿ ಚೀಟಿ ಎತ್ತಿ ಎರಡನ್ನು ಆರಿಸಿ, ಮಂಗಳವಾರಗಳಲ್ಲಿ ಎರಡು, ಹೀಗೆ ಭಾನುವಾರದವರೆಗೆ. 14 ಸಂಚಿಕೆ ಸಿಗುತ್ತವೆ. ರಾಜ್ಯೋತ್ಸವ, ದೀಪಾವಳಿ ಪುರವಣಿಗಳನ್ನು ಬೇರೆ ಕಟ್ಟಿ ಇಡಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಆಚೆ ಹೋಯಿತು, ಸಂಡೂರು ತಾಲೂಕು ಬಳ್ಳಾರಿಯಲ್ಲೇ ಉಳಿಯಿತು. ಹಾಗಾಗಿ ಸಂಡೂರು ತಾಲೂಕಿನ ಉಕ್ಕಿನ ಊರು ತೋರಣಗಲ್ಲಿನ ಸುದ್ದಿಯನ್ನು ಎರಡೂ ಜಿಲ್ಲೆಗಳ ಪುಟಗಳಲ್ಲಿ ಹುಡುಕದೆ "ಬಂದೇ ಇಲ್ಲ" ಎಂದು ಬರೆಯಬೇಡಿ.

ಅಳತೆ ಸುಲಭ. ಪುಟಕ್ಕೆ 8 ಕಾಲಂ, ಎತ್ತರ 52 ಸೆಂ.ಮೀ. ಇದ್ದರೆ ಒಟ್ಟು 416 ಕಾಲಂ ಸೆಂಟಿಮೀಟರ್. 4 ಕಾಲಂ ಅಗಲ, 25 ಸೆಂ.ಮೀ. ಎತ್ತರದ ಜಾಹೀರಾತು 100 ಕಾಲಂ ಸೆಂಟಿಮೀಟರ್, ಅಂದರೆ ಪುಟದ ಶೇ 24. ಇ-ಪೇಪರಿನಲ್ಲಿ ಸ್ಕೇಲು ನಡೆಯುವುದಿಲ್ಲ, ಜೂಮ್ ಬದಲಾದಂತೆ ಅಳತೆಯೂ ಬದಲಾಗುತ್ತದೆ. ಅಲ್ಲಿ ಪುಟದ ಎತ್ತರಕ್ಕೆ ಶೇಕಡಾ ಎಷ್ಟು ಎಂದು ಬರೆದುಕೊಳ್ಳಿ. ಸರ್ಕಾರಿ ಟೆಂಡರ್ ನೋಟಿಸು, ವಾರ್ತಾ ಇಲಾಖೆಯ ಜಾಹೀರಾತುಗಳಿಗೆ ನಿಮ್ಮ ಎಕ್ಸೆಲ್ ಶೀಟಿನಲ್ಲಿ ಪ್ರತ್ಯೇಕ ಕಾಲಂ ಇರಲೇಬೇಕು. ಅವನ್ನು ಕಂಪನಿ ಲೆಕ್ಕಕ್ಕೆ ಸೇರಿಸಿ ಅಂಕಿ ಉಬ್ಬಿಸಿದ ವರದಿಗಳು ಬೇಕಾದಷ್ಟಿವೆ. ಸರ್ಕಾರದ ಹಿಡಿತವೂ ಹಿಡಿತವೇ, ಆದರೆ ಅದು ಬೇರೆ ರೋಗ.

ಸುದ್ದಿಯ ವೇಷದಲ್ಲಿ ಬರುವ ಜಾಹೀರಾತಿಗೆ ಗುರುತುಗಳಿವೆ: ಅಕ್ಷರದ ಫಾಂಟ್ ಬೇರೆ, ಊರು-ದಿನಾಂಕ ಇಲ್ಲ, ವರದಿಗಾರರ ಹೆಸರಿಲ್ಲ, ಮೂಲೆಯಲ್ಲಿ ಇರುವೆ ಗಾತ್ರದ "ಪ್ರಾಯೋಜಿತ". ಪ್ರೆಸ್ ನೋಟನ್ನು ಪತ್ತೆ ಮಾಡಲು ಅದೇ ದಿನದ ಮೂರು ಪತ್ರಿಕೆಗಳನ್ನು ಪಕ್ಕಪಕ್ಕ ಹಾಸಿ. ವಾಕ್ಯ ಒಂದೇ ಆಗಿರುವುದು ಸಾಲದು, ತಪ್ಪು ಹುಡುಕಿ. ಮೂರರಲ್ಲೂ "ಸ್ಮಾರ್ಟ್ ಕ್ಲಾಸ್" ಅನ್ನುವುದು "ಸ್ಮಾರ್ಟ ಕ್ಲಾಸ್" ಎಂದು, ಅದೇ ಸಾಲಿನಲ್ಲಿ ಅಚ್ಚಾಗಿದ್ದರೆ ಮೂವರೂ ಒಂದೇ ಕಾಗದದಿಂದ ಎತ್ತಿದ್ದಾರೆ ಎಂದೇ ಅರ್ಥ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಸುದ್ದಿಗೆ ನಾವು ಹಾಕುವ ಪ್ರಶ್ನೆ ಒಂದೇ: ಇದು ಕಾನೂನಿನ ಬಾಧ್ಯತೆ ಎಂದು ಬರೆದಿದ್ದಾರೆಯೇ, ಇಲ್ಲವೇ? ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ನಿಗದಿತ ಮಿತಿ ಮೀರಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಗಣಿಗಾರಿಕೆಯಿಂದ ಬಾಧಿತರಾದವರಿಗೆಂದು ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ದಾನವಲ್ಲ. 2015ರ ತಿದ್ದುಪಡಿಯ ನಂತರ ಹಳೆಯ ಗಣಿ ಗುತ್ತಿಗೆಗಳಿಂದ ರಾಜಧನದ (ರಾಯಲ್ಟಿಯ) ಶೇ 30, ಹರಾಜಿನಲ್ಲಿ ಪಡೆದವುಗಳಿಂದ ಶೇ 10 ಅದಕ್ಕೆ ಸೇರಬೇಕು. ಪುಟದಲ್ಲಿ ಮಾತ್ರ ಎಲ್ಲಕ್ಕೂ "ಉದಾರ ಕೊಡುಗೆ" ಎಂಬ ಹಣೆಪಟ್ಟಿ.

ಇಷ್ಟೆಲ್ಲ ಅಚ್ಚಾದದ್ದರ ಲೆಕ್ಕ. ಪ್ರಭಾವ ನಿಜವಾಗಿ ಕೆಲಸ ಮಾಡುವುದು ಅಚ್ಚಾಗದ ಕಡೆ. ಅದನ್ನು ಹಿಡಿಯಲು ಪತ್ರಿಕೆಯ ಹೊರಗಿನ ಪಟ್ಟಿ ಬೇಕು, ನಾವು ಎರಡು ಬಳಸುತ್ತೇವೆ.

ಒಂದು, ಕಾರ್ಖಾನೆ, ಗಣಿಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆಯ ನಡವಳಿ. ಪರಿಸರ ಪರಿಣಾಮ ಅಂದಾಜು ಕುರಿತ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ ಸಭೆಯ ಪ್ರಕಟಣೆ ಒಂದು ರಾಷ್ಟ್ರೀಯ ಹಾಗೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಬರಬೇಕು, ಜನರಿಗೆ ಕನಿಷ್ಠ 30 ದಿನ ಸಮಯ ಸಿಗಬೇಕು, ಸಭೆಯ ವಿಡಿಯೊ ಆಗಬೇಕು. ನಡವಳಿ ಸಿಕ್ಕಾಗ ಯಾರು ಏನು ಕೇಳಿದರು ಎಂದು ಸಾಲು ಸಾಲಾಗಿ ಇಳಿಸಿ: ತುಂಗಭದ್ರೆಯ ನೀರು, ಧೂಳು, ಭೂಮಿ, ಪರಿಹಾರ, ಸ್ಥಳೀಯರಿಗೆ ಕೆಲಸ. ಮರುದಿನದ ಪೇಪರಿನಲ್ಲಿ ಯಾವುದು ತಲೆಬರಹಕ್ಕೆ ಏರಿತು, ಯಾವುದು ಕೊನೆಯ ಪ್ಯಾರಾಕ್ಕೆ ಇಳಿಯಿತು, ಯಾವುದು ಇಲ್ಲವೇ ಇಲ್ಲ ಎಂದು ಎದುರಿಗೆ ಗುರುತು ಹಾಕಿ.

ಎರಡು, ಕಾರ್ಖಾನೆ ಅಪಘಾತಗಳು. ಸಾವಾದ ಅಪಘಾತವನ್ನು ಇಲಾಖೆಗೆ ತಿಳಿಸಲೇಬೇಕು, 2025ರ ನವೆಂಬರ್‌ವರೆಗೆ ಇದು ಕಾರ್ಖಾನೆಗಳ ಕಾಯ್ದೆಯ 88ನೇ ಕಲಮಿನಲ್ಲಿತ್ತು. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇಲ್ಲವಾದರೆ ಅಲ್ಲಿಂದಲೇ ವಾಪಸು. ತನಿಖಾ ವರದಿ ಕೇಳಿದರೆ ವಾಣಿಜ್ಯ ಗೋಪ್ಯತೆ ಎಂದು ಆರ್‌ಟಿಐ ಕಾಯ್ದೆಯ 8(1)(ಡಿ) ಕಲಮು ತೋರಿಸುತ್ತಾರೆ. ಅಪಘಾತದ ದಿನಾಂಕ, ಸ್ಥಳ, ಸತ್ತವರ ಸಂಖ್ಯೆ ಇಷ್ಟನ್ನೇ ಕೇಳಿ. ಆ ದಿನಾಂಕದ ನಂತರದ ಮೂರು ದಿನಗಳ ಪೇಪರ್ ನೋಡಿ: ಸುದ್ದಿ ಬಂತೇ, ಕಂಪನಿಯ ಹೆಸರು ಬಂತೇ, ಅಥವಾ ಬರೀ "ಖಾಸಗಿ ಕಾರ್ಖಾನೆಯೊಂದರಲ್ಲಿ" ಎಂದಿದೆಯೇ?

ಬಂದ್, ಮೆರವಣಿಗೆಯ ದಿನಗಳನ್ನು ಇದಕ್ಕೆ ಆರಿಸಬೇಡಿ. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆದಂಥ ದಿನ ಯಾವ ಪತ್ರಿಕೆಯೂ ಸುಮ್ಮನಿರಲಾಗದು. ಹಿಂದಿನ ಮುಂದಿನ ಸಪ್ಪೆ ದಿನಗಳಲ್ಲೇ ವ್ಯತ್ಯಾಸ ಕಾಣುವುದು.

ಅರ್ಥಶಾಸ್ತ್ರದ ಭಾಷೆಯನ್ನೂ ಅಳೆಯಬಹುದು. ತೋರಣಗಲ್ಲು-ಕುರೆಕುಪ್ಪ ಭಾಗದ 3,667 ಎಕರೆಯನ್ನು ಜಿಂದಾಲ್ ಉಕ್ಕು ಕಂಪನಿಗೆ ಕೊಡುವ ತೀರ್ಮಾನಕ್ಕೆ 2024ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ದರ ಎಕರೆಗೆ ಒಂದು ಭಾಗಕ್ಕೆ ಸುಮಾರು 1.22 ಲಕ್ಷ, ಇನ್ನೊಂದಕ್ಕೆ 1.50 ಲಕ್ಷ ರೂಪಾಯಿ. ವರ್ಷಗಳ ಹಿಂದಿನ ಗುತ್ತಿಗೆ-ಮಾರಾಟ ಕರಾರಿನ ಬೆಲೆ ಅದು, ಹರಾಜಿನ ಬೆಲೆಯಲ್ಲ. ಆ ವಾರದ ವರದಿಗಳಲ್ಲಿ ಎಕರೆ ದರ ಎಲ್ಲಿದೆ, ಪಕ್ಕದಲ್ಲಿ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಇದೆಯೇ, "ಹೂಡಿಕೆ" ಎಷ್ಟು ಸಲ ಬಂತು, "ರಿಯಾಯಿತಿ" ಎಷ್ಟು ಸಲ ಎಂದು ಎಣಿಸಿ. ರೈತನ ಬೆಂಬಲ ಬೆಲೆಯನ್ನು ಮಾರುಕಟ್ಟೆಯಲ್ಲಿ ಹಸ್ತಕ್ಷೇಪ ಎನ್ನುವ ಅಂಕಣಕಾರರು ಇಲ್ಲಿ ಯಾವ ಪದ ಹುಡುಕಿದ್ದಾರೆ ಎಂದು ನೋಡುವುದೂ ಒಂದು ಮಜಾ.

ಒಬ್ಬರೇ ಗುರುತು ಹಾಕಿದರೆ ನಡೆಯದು. ಐದರಲ್ಲಿ ಒಂದು ಸಂಚಿಕೆಯನ್ನು ಇನ್ನೊಬ್ಬರು ಮೊದಲನೆಯವರ ಗುರುತು ನೋಡದೆ ಮಾಡಬೇಕು. ಹೊಂದಾಣಿಕೆ ಶೇ 80ಕ್ಕಿಂತ ಕಡಿಮೆಯಾದರೆ ಪ್ರಶ್ನೆಯೇ ಮಬ್ಬಾಗಿದೆ, ತಿದ್ದಿ ಮತ್ತೆ ಮಾಡಿ. ಜಾಹೀರಾತು ಹೆಚ್ಚು, ಟೀಕೆ ಕಡಿಮೆ ಎಂದು ಬಂದ ತಕ್ಷಣ ಕಾರಣ ಸಿಕ್ಕಿತು ಎಂದುಕೊಳ್ಳಬೇಡಿ. ಸಂಡೂರಿಗೆ ಓಡಾಡಲು ವರದಿಗಾರರೇ ಇಲ್ಲದಿರಬಹುದು. ಜಾಹೀರಾತು ಕೊಡದ ಕಂಪನಿಯ ಇಂಥದೇ ಅಪಘಾತವನ್ನು ಅದೇ ಪತ್ರಿಕೆ ಹೇಗೆ ಬರೆದಿದೆ ಎಂದು ಪಕ್ಕದಲ್ಲಿಟ್ಟು ನೋಡಿದ ಮೇಲೆ ಮಾತಾಡಿ.

ಪತ್ರಿಕೆಯ ಮಾಲೀಕತ್ವ ತಿಳಿಯಲು ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಕಟ್ಟಿ ಎಂಜಿಟಿ-7 ನಮೂನೆ (ಕಂಪನಿ ಸಲ್ಲಿಸುವ ವಾರ್ಷಿಕ ವಿವರ) ತೆಗೆಯಿರಿ, ಷೇರುದಾರರ ಪಟ್ಟಿಯನ್ನು ಅದರ ಜೊತೆ ಲಗತ್ತಿಸಿರುತ್ತಾರೆ.

ಸುದ್ದಿಯ ವೇಷದ ಜಾಹೀರಾತು ಖಚಿತವಾದರೆ ಮೊದಲು ಸಂಪಾದಕರಿಗೆ ಪತ್ರ ಬರೆಯಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಸಲ್ಲಿಸಬೇಕು. ಮೂಲ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ವಿಷಯ ನ್ಯಾಯಾಲಯದಲ್ಲಿಲ್ಲ ಎಂಬ ಹೇಳಿಕೆ ಜೊತೆಗಿರಲಿ. ಮಂಡಳಿ ಎಚ್ಚರಿಕೆ, ಛೀಮಾರಿ ಕೊಡಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿ.ವಿ. ಚಾನೆಲ್‌ಗಳಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ.