ಗಾರ್ಮೆಂಟ್ಸ್ ಲೈನಿನಲ್ಲಿ ಹುರುಪು ಮೂಡಿಸುವ ಬಗೆ: ಹೊಸ ಸೂಪರ್‌ವೈಸರ್‌ಗಳಿಗೆ

ಟಾರ್ಗೆಟ್ ತಪ್ಪಿದಾಗ ಲೈನಿನ, ಅಂದರೆ ಹೊಲಿಗೆ ಮೆಷಿನ್‌ಗಳ ಸಾಲಿನ, ನಡುವೆ ನಿಂತು ಕೂಗಾಡುವುದು ಗಾರ್ಮೆಂಟ್ಸ್ ಕಾರ್ಖಾನೆಗಳ ಹಳೆಯ ರೂಢಿ. ಅದರಿಂದ ಮುಂದಿನ ಗಂಟೆಯ ಲೆಕ್ಕ ಸರಿಹೋಗಬಹುದು; ಆದರೆ ಹೆದರಿದ ಕೈ ಹೊಲಿದ ಪೀಸು ಚೆಕಿಂಗ್ ಮೇಜಿನಿಂದ ಆಲ್ಟರ್‌ಗೆ, ಅಂದರೆ ಬಿಚ್ಚಿ ಸರಿಪಡಿಸಲು, ಮರಳುತ್ತದೆ, ಅವಮಾನಗೊಂಡ ಟೈಲರ್ ಬೇರೆ ಕಾರ್ಖಾನೆಯಲ್ಲಿ ಕೆಲಸ ವಿಚಾರಿಸತೊಡಗುತ್ತಾರೆ.

ಪ್ರೋತ್ಸಾಹದ ಮಾತಿಗೆ ಮುನ್ನ ಅಸಮಾಧಾನದ ಮೂಲಗಳನ್ನು ನೋಡಿ. ಅಮೆರಿಕದ ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರ್ ಹಾಗೂ ಲೆಕ್ಕಿಗರನ್ನು ಸಂದರ್ಶಿಸಿದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್, ಸಂಬಳ, ಮೇಲ್ವಿಚಾರಣೆ ಮತ್ತು ಕೆಲಸದ ಪರಿಸರ ಕೆಟ್ಟರೆ ಜನ ಬೇಸರಗೊಳ್ಳುತ್ತಾರೆ, ಆದರೆ ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ, ಅದಕ್ಕೆ ಸಾಧನೆ ಮತ್ತು ಮನ್ನಣೆ ಬೇಕು ಎಂದು 1959ರಲ್ಲಿ ಪ್ರತಿಪಾದಿಸಿದರು. ನಮ್ಮಲ್ಲಿ ಈ ಮೊದಲ ಮೆಟ್ಟಿಲೇ ಎಷ್ಟೋ ಕಡೆ ಅಲುಗಾಡುತ್ತಿರುತ್ತದೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು, ಕೇಂದ್ರ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಸಾಲಕ್ಕೋ ಮಕ್ಕಳ ಫೀಸಿಗೋ ಒದಗುವ ಹಣ ತಮ್ಮ ಕೈಯಲ್ಲಿದೆ ಎಂಬ ಭರವಸೆಗೆ ಪೆಟ್ಟು ಬಿದ್ದಿತ್ತು. ಆದ್ದರಿಂದ ಪೇ ಸ್ಲಿಪ್‌ನಲ್ಲಿ ಓಟಿ (ಹೆಚ್ಚುವರಿ ದುಡಿಮೆ) ಗಂಟೆ ಬಿಟ್ಟುಹೋಗಿದೆ ಎಂದು ಯಾರಾದರೂ ಹೇಳಿದರೆ, ‘ಎಚ್‌ಆರ್ ಕೇಳಿ’ ಎಂದು ಸಾಗಹಾಕದೆ ನೀವೇ ಹೋಗಿ ಸರಿಪಡಿಸಿ ತನ್ನಿ.

ಆಮೇಲೆ ಒಬ್ಬೊಬ್ಬರ ರೀತಿಯನ್ನು ಗಮನಿಸಿ. ಕಾಲರ್ ಕೂರಿಸುವುದರಲ್ಲಿ ಪಳಗಿದವರು ಅದೇ ಆಪರೇಷನ್‌ನಲ್ಲಿ ಬೇಸತ್ತಿರಬಹುದು. ಹೊಸ ಸ್ಟೈಲ್ ಬಂದಾಗ ಮೊದಲ ಪೀಸನ್ನು ಅವರ ಕೈಗೇ ಕೊಡಿ. ಹಾಸ್ಟೆಲಿನಲ್ಲಿರುವ ಹೊಸ ಹುಡುಗಿಗೆ ಮೊದಲು ಬೇಕಾದದ್ದು ಊಟಕ್ಕೆ ಜೊತೆ. ಮಾತು ಬಲ್ಲ ಹಿರಿಯ ಟೈಲರೊಬ್ಬರ ಪಕ್ಕದ ಮೆಷಿನ್‌ಗೆ ಅವಳನ್ನು ಕೂರಿಸಿ. ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದರೆ ಕೆಲವರು ಅರಳುತ್ತಾರೆ, ಕೆಲವರು ಮುದುಡುತ್ತಾರೆ. ಎರಡನೆಯ ಬಗೆಯವರಿಗೆ, ‘ಅಕ್ಕಾ, ನಿನ್ನೆಯ ಲಾಟಿನಲ್ಲಿ ಕಾಲರ್‌ನ ಎರಡು ತುದಿಯೂ ಒಂದೇ ಸಮ ಬಂದಿತ್ತು’ ಎಂದು ಮೆಷಿನ್ ಬಳಿ ಮೆಲ್ಲಗೆ ಹೇಳಿದರೆ ಸಾಕು. ‘ಚೆನ್ನಾಗಿದೆ’ ಎಂಬ ಬರಿಯ ಮಾತಿಗಿಂತ ಕಂಡದ್ದನ್ನು ಕಂಡಂತೆ ಹೇಳುವುದು ಮೇಲು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ 1928ರಲ್ಲಿ ಗುರುತಿಸಿದ ನಾಲ್ಕು ವರ್ತನಾ ಬಗೆಗಳನ್ನು ಆಧರಿಸಿ ಜನರ ಸ್ವಭಾವ ವಿಂಗಡಿಸುವ ಪರೀಕ್ಷೆಗಳು ಇಂದು ಮಾರಾಟಕ್ಕಿವೆ. ಲೈನಿಗೆ ಅವು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸೋಮವಾರ ನಗುನಗುತ್ತಿದ್ದವರು ಶಿಪ್‌ಮೆಂಟ್ ವಾರದಲ್ಲಿ ಸಿಡುಕುತ್ತಾರೆ. ಹಣೆಪಟ್ಟಿ ಹಚ್ಚಿದರೆ ಆ ಬದಲಾವಣೆ ನಿಮಗೆ ಕಾಣುವುದೇ ಇಲ್ಲ.

ತಪ್ಪು ಕಂಡಾಗ ಪೀಸನ್ನು ಕೈಯಲ್ಲಿ ಹಿಡಿದು ಕಾರಣ ಕೇಳಿ. ಬಾಬಿನ್ ಟೆನ್ಷನ್ ಸಡಿಲವಿದ್ದರೆ ಬೈಗುಳದಿಂದ ಹೊಲಿಗೆ ಬಿಗಿಯಾಗದು, ಮೆಕ್ಯಾನಿಕ್ ಬರಬೇಕು. ನುರಿತವರೂ ದಿನವೂ ಮುಟ್ಟಲಾಗದ ಟಾರ್ಗೆಟ್ ಆಗಿದ್ದರೆ ಯಾವ ಪ್ರೋತ್ಸಾಹವೂ ಫಲಿಸದು. ಗಂಟೆಗಂಟೆಯ ಲೆಕ್ಕದ ಹಾಳೆ ಹಿಡಿದು ಟಾರ್ಗೆಟ್ ಲೆಕ್ಕ ಹಾಕುವ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗಕ್ಕೆ ಹೋಗಿ, ಕೆಲಸಕ್ಕೆ ಹಿಡಿಯುವ ಹೊತ್ತನ್ನು ಅಳೆಯುವ ಟೈಮ್ ಸ್ಟಡಿಯನ್ನು ಮತ್ತೆ ಮಾಡಿಸಿ.